ಮಂಜಿನ ಗಂಜಿಯ ಹರಿಣಕ್ಕ

ಹರಿಣಕ್ಕ ಊಟಕ್ಕೆ ಕೂತರೆ ಮಾತು ನಿಲ್ಲಿಸುತ್ತಿದ್ದಳು. ತಟ್ಟೆಯನ್ನು ತನ್ನತ್ತ ಸ್ವಲ್ಪ ಎಳೆದುಕೊಂಡು, ಎಡಗೈಯನ್ನು ಅದರ ಸುತ್ತ ಬೇಲಿಯ ಹಾಗೆ ಇಟ್ಟು, ಯಾರೋ ಬಂದು ಎಬ್ಬಿಸುವ ಮೊದಲೇ ಮುಗಿಸಬೇಕು ಎನ್ನುವವರಂತೆ ತಲೆ ಎತ್ತದೆ ಉಣ್ಣುತ್ತಿದ್ದಳು. ನಾವು ಇನ್ನೂ ಸಾರು ಕಲಸುತ್ತಿರುವಾಗಲೇ ಅವಳ ತಟ್ಟೆ ತೊಳೆದಿಟ್ಟ ಹಾಗೆ ಖಾಲಿಯಾಗಿರುತ್ತಿತ್ತು. ಹೇಗಿತ್ತು ಎಂದು ಕೇಳಿದರೆ ಒಂದೇ ಉತ್ತರ: "ಬೆಂದಿದೆ."

ಮಣಿಪಾಲದ ಮೆಸ್ಸಿನ ಅನ್ನಕ್ಕೂ, ಮದುವೆಮನೆಯ ಕೋರಿರೊಟ್ಟಿಗೂ ಅವಳಲ್ಲಿದ್ದದ್ದು ಅದೊಂದೇ ಮಾತು. ಕ್ರಿಸ್ಮಸ್ಸಿಗೆ ಕಲ್ಯಾಣಪುರದ ನಮ್ಮ ಮನೆಯಿಂದ ಅಮ್ಮ ಡಬ್ಬಿ ತುಂಬ ತಿಂಡಿ ಕಳಿಸಿದ್ದರು. ಅದನ್ನು ತಿಂದು, ಬೆರಳಿಗೆ ಅಂಟಿದ ಸಕ್ಕರೆಯನ್ನೂ ಬಿಡದೆ ನೆಕ್ಕಿ, "ಬೆಂದಿದೆ ಮಾರಾಯ್ತಿ, ಅಮ್ಮನಿಗೆ ಹೇಳು" ಎಂದಿದ್ದಳು. ಅಮ್ಮನಿಗೆ ನಾನು ಬೇರೆಯೇ ಏನೋ ಹೇಳಿದೆ.

ಇಂಥವಳು ಬರೆದ ಅಡುಗೆಯ ಸಾಲುಗಳನ್ನು ಓದಿ ಎಲ್ಲೆಲ್ಲಿಯ ಜನರಿಗೋ ಹಸಿವೆಯಾಗುತ್ತಿತ್ತು.

ನಾವಿಬ್ಬರೂ ಮಣಿಪಾಲದಲ್ಲಿ ಒಂದು ಸಣ್ಣ ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದೆವು. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ನಮ್ಮ ಆಫೀಸು. ಅಲ್ಲಿ ನಾವು ವಿಡಿಯೋ ಗೇಮ್ ಮಾಡುತ್ತಿದ್ದೆವು. ಆಟದ ಹೆಸರು 'ಏಳು ಬಂದರು'. ಅದರ ಮೊದಲ ಭಾಗ ಜನರಿಗೆ ಹಿಡಿಸಿ, ಎರಡನೆಯದು, ಮೂರನೆಯದು ಬಂದವು. ಆಟದಲ್ಲಿ ನೀವು ಒಂದು ಹಳೆಯ ದೋಣಿಯ ಅಡುಗೆಯವರು. ಒಂದೊಂದೇ ಬಂದರಿಗೆ ಹೋಗಬೇಕು, ಅಲ್ಲಿ ಸಿಕ್ಕಿದ್ದನ್ನು ಆಯ್ದು ತಂದು ಬೇಯಿಸಿ ಅಲ್ಲಿಯ ಜನರಿಗೆ ಬಡಿಸಬೇಕು. ಹೊಡೆದಾಟ ಇಲ್ಲ, ಗೆಲ್ಲುವುದು ಸೋಲುವುದು ಇಲ್ಲ. ಅಡುಗೆಗಳ ಚಿತ್ರ ಬರೆಯುವುದು ನನ್ನ ಕೆಲಸ. ಪ್ರತಿ ಅಡುಗೆಯ ಹೆಸರನ್ನೂ ಅದರ ಕೆಳಗಿನ ಎರಡು ಸಾಲುಗಳನ್ನೂ ಬರೆಯುವುದು ಹರಿಣಾಕ್ಷಿಯ ಕೆಲಸ. ನನಗಿಂತ ಹತ್ತಾರು ವರ್ಷ ದೊಡ್ಡವಳಾದ್ದರಿಂದ ನನಗೆ ಅವಳು ಹರಿಣಕ್ಕ. ನನ್ನ ಮನೆಮಾತು ಕೊಂಕಣಿ, ಅವಳದು ತುಳು. ನಮ್ಮಿಬ್ಬರ ನಡುವೆ ಕನ್ನಡ. ಆಟ ಮಾತ್ರ ಇಂಗ್ಲಿಷಿನಲ್ಲಿತ್ತು. ಆದರೆ ಅವಳು ಎಲ್ಲವನ್ನೂ ಮೊದಲು ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿ ನೋಡಿ, ಆಮೇಲೆ ಅನುವಾದ ಮಾಡುತ್ತಿದ್ದಳು.

'ಮಂಜಿನ ಗಂಜಿ: ಬಟ್ಟಲಿನ ತಳ ಕಾಣಬಾರದು. ಕಂಡರೆ ಇನ್ನೊಮ್ಮೆ ಬಡಿಸಿ.'

'ದೀಪದ ಸಾರು: ಸೌಟು ಪಾತ್ರೆಯ ತಳಕ್ಕೆ ಹೋಗಲಿ. ತುಂಡುಗಳನ್ನು ಎಣಿಸುವವರು ಈ ಸಾರು ಮಾಡಬಾರದು.'

ಕಂಪೆನಿಯ ಯಜಮಾನ ನಿತಿನ್ ಒಳ್ಳೆಯ ಹುಡುಗನೇ. ಒಮ್ಮೆ ಅವನು ತಾನೇ ಒಂದು ಸಾಲು ಬರೆದು ತಂದ. ಬಾಯಲ್ಲಿ ನೀರೂರಿಸುವ, ಸ್ವರ್ಗದ ರುಚಿಯ ಎಂದೆಲ್ಲ ಇತ್ತು. ಹರಿಣಕ್ಕ ಅದನ್ನು ಓದಿ ಕೇಳಿದಳು: "ಸ್ವರ್ಗಕ್ಕೆ ಹೋಗಿ ಬಂದಿರಾ? ಬಾಯಿಯ ವಿಷಯ ಬೇಡ ನಿತಿನ್. ಬಟ್ಟಲಿನ ವಿಷಯ ಹೇಳಿ."

ಬಡಿಸಿದ ಮೇಲೆ ಕೊನೆಯ ಮನುಷ್ಯ ಉಂಡು ಏಳುವ ತನಕ ದೋಣಿ ಬಂದರು ಬಿಟ್ಟು ಹೊರಡುವುದಿಲ್ಲ ಎನ್ನುವುದು ಆಟದ ಒಂದು ನಿಯಮ. ಅದು ಅವಳು ಹಾಕಿದ್ದು. ಆಡುವವರಿಗೆ ಬೇಸರ ಬರುತ್ತದೆ, ಅದನ್ನು ತೆಗೆಯೋಣ ಎಂದು ನಿತಿನ್ ಎಷ್ಟೋ ಸಲ ಹೇಳಿದ. "ಬೇಸರ ಬಂದವರು ಬೇರೆ ಆಟ ಆಡಲಿ. ಉಣ್ಣುವವರನ್ನು ಏಳಿಸುವ ಆಟ ನಾನು ಬರೆಯುವುದಿಲ್ಲ" ಎಂದು ಅವಳು ಕೂತಲ್ಲಿಂದಲೇ ಹೇಳಿದಳು. ಕಡೆಗೆ ಜನ ಮೆಚ್ಚಿದ್ದು ಅದನ್ನೇ. ಒಬ್ಬ ಮುದುಕ ನಿಧಾನವಾಗಿ ಉಣ್ಣುತ್ತಿರುವುದನ್ನು ನೋಡುತ್ತ ಸುಮ್ಮನೆ ಕೂತಿರುವುದು ಎಷ್ಟು ಸಮಾಧಾನ ಎಂದು ಯಾರ್‍ಯಾರೋ ಬರೆದರು. ಆ ಕಾಗದಗಳನ್ನು ನಿತಿನ್ ಓದಿ ಹೇಳಿದಾಗ ಹರಿಣಕ್ಕ ಕನ್ನಡಕ ಒರೆಸಿಕೊಂಡು ತನ್ನ ಕೆಲಸಕ್ಕೆ ತಿರುಗಿದಳು.

ಹೀಗೆ ಬರೆಯುವವರಲ್ಲೇ ಕೆಲವರು ಕೇಳತೊಡಗಿದರು: ಈ ಅಡುಗೆಗಳನ್ನು ನಿಜವಾಗಿ ಮಾಡುವುದು ಹೇಗೆ? ಪುಸ್ತಕ ಇದೆಯಾ? ಬೆಂಗಳೂರಿನ ಒಬ್ಬ ಪ್ರಕಾಶಕರು ಆಸಕ್ತಿ ತೋರಿಸಿದರು. ನಿತಿನ್ ಹಾರುವುದೊಂದು ಬಾಕಿ. ಹರಿಣಕ್ಕ ಮಾತ್ರ ಮುಖ ಗಂಟಿಕ್ಕಿಕೊಂಡಳು.

"ಅದು ಆಡುವುದಕ್ಕೆ ಮಾರಾಯ್ರೆ, ತಿನ್ನುವುದಕ್ಕಲ್ಲ."

"ಜನ ಕೇಳ್ತಿದ್ದಾರಲ್ಲ ಹರಿಣಾಕ್ಷಿ."

"ಕೇಳುತ್ತಾರೆ. ಮಂಜನ್ನು ಎಲ್ಲಿಂದ ತರುವುದು?"

ಆದರೂ ಕೆಲವು ದಿನಗಳ ಮೇಲೆ ಅವಳೇ ಒಪ್ಪಿದಳು. ಒಂದು ಷರತ್ತು ಹಾಕಿದಳು: ಬರೆದ ಸಾಲಿಗೆ ಅಡುಗೆ ಸರಿಹೊಂದುವ ತನಕ ಮಾಡಿ ನೋಡಬೇಕು, ಸಾಲು ಸುಳ್ಳಾಗುವ ಅಡುಗೆ ಪುಸ್ತಕದಲ್ಲಿ ಇರಬಾರದು. ಕಟಪಾಡಿಯಲ್ಲಿ ಹೈವೇಯಿಂದ ಒಳಗೆ ಒಂದು ಮನೆಯ ಮಹಡಿಯಲ್ಲಿ ಅವಳು ಒಬ್ಬಳೇ ಇದ್ದಳು. ಭಾನುವಾರಗಳಲ್ಲಿ ಚರ್ಚಿನ ಪೂಜೆ ಮುಗಿಸಿ ನಾನು ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಅವಳಿಗೆ ಅಡುಗೆ ಅಷ್ಟಾಗಿ ಬರುತ್ತಿರಲಿಲ್ಲ. ಅನ್ನ, ಒಂದು ಮೀನಿನ ಸಾರು, ಮೊಟ್ಟೆ. ನನಗೆ ಅವಳಿಗಿಂತ ಸ್ವಲ್ಪ ಹೆಚ್ಚು ಬರುತ್ತಿತ್ತು ಅಷ್ಟೇ. ಮೊದಲ ಭಾನುವಾರ ನಾವು ಮಾಡಿದ ಕರಿಕಲ್ಲಿನ ಹಲ್ವವನ್ನು ಪಾತ್ರೆಯಿಂದ ಬಿಡಿಸಲು ಆಗದೆ ಪಾತ್ರೆಯನ್ನೇ ಬಿಸಾಡಬೇಕಾಯಿತು. ಕಾರ್ಕಳದ ಕರಿಕಲ್ಲಿನ ಹಾಗೆ ಹೊಳೆಯಬೇಕು, ಆದರೆ ಹಲ್ಲು ಮುರಿಯಬಾರದು ಎಂದು ಆಟದಲ್ಲಿ ಅವಳ ಸಾಲು. ಎಳ್ಳು, ಬೆಲ್ಲ, ತುಪ್ಪ ಎಂದು ನಾವು ಹೋರಾಡಿ ಹೋರಾಡಿ ಕಡೆಗೂ ಅದು ಬಂತು. ಆ ದಿನ ಅವಳು ನಕ್ಕದ್ದನ್ನು ನೋಡಿ ನನಗೆ ಆಶ್ಚರ್ಯವಾಗಿತ್ತು. ಮುಂದಿನ ಹಲ್ಲಿನ ನಡುವೆ ಒಂದು ಸಂದು ಇದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಮಂಜಿನ ಗಂಜಿಗೆ ನಿತಿನ್ ಎಲ್ಲಿಂದಲೋ ಡ್ರೈ ಐಸ್ ತರಿಸಿದ. ಬಟ್ಟಲಿನಿಂದ ಹೊಗೆ ಎದ್ದರೆ ಫೋಟೋ ಚಂದ ಬರುತ್ತದೆ ಎಂದು ಅವನ ಲೆಕ್ಕ. ಹರಿಣಕ್ಕ ಅದನ್ನು ಬಚ್ಚಲಿಗೆ ಸುರಿದಳು. "ತಿನ್ನಲು ಕೂತವರು ಹೊಗೆ ತಿನ್ನುವುದಾ?" ಆಮೇಲೆ ಕುಚ್ಚಲಕ್ಕಿಯನ್ನು ಕರಗುವ ತನಕ ಬೇಯಿಸಿ, ಒಲೆಯಿಂದ ಇಳಿಸಿ, ದಪ್ಪ ತೆಂಗಿನ ಹಾಲನ್ನು ಮೇಲಿಂದ ನಿಧಾನವಾಗಿ ಬಿಟ್ಟಳು. ಬಿಳಿ ಹಾಲು ಕೆಂಪು ಗಂಜಿಯ ಮೇಲೆ ಹರಡಿತು. ತಳವಂತೂ ಕಾಣುವ ಹಾಗೆಯೇ ಇರಲಿಲ್ಲ. ನಾನು ಖುಷಿಯಿಂದ ಫೋಟೋ ತೆಗೆಯಲು ಹೋದರೆ ಅವಳು ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.

"ತೆಳ್ಳಗಿನ ಗಂಜಿಯಲ್ಲಿ ಬಟ್ಟಲಿನ ತಳ ಕಾಣುತ್ತದೆ, ಗೊತ್ತುಂಟಾ ನಿನಗೆ?" ಎಂದಳು. "ನಮ್ಮ ಬಟ್ಟಲಿನ ತಳದಲ್ಲಿ ಒಂದು ಹೂವು ಇತ್ತು. ಉಣ್ಣುವ ಮೊದಲೇ ಅದು ಪೂರ್ತಿ ಕಾಣುತ್ತಿತ್ತು."

ಆ ದಿನ ಅವಳು ಹೇಳಿದ್ದು ಇಷ್ಟು. ಅವಳ ಅಪ್ಪನ ಮನೆ ಕಾಪುವಿನಲ್ಲಿ, ಸಮುದ್ರದಂಡೆಯ ದೀಪಸ್ತಂಭ ಕಾಣುವಷ್ಟು ಹತ್ತಿರ. ಅಪ್ಪ ಕಾಯಿಲೆಯಲ್ಲಿ ತೀರಿಹೋದ ಮೇಲೆ ಅಮ್ಮ ಮುಂಬಯಿಗೆ ಮನೆಗೆಲಸಕ್ಕೆ ಹೋದಳು. ಹರಿಣಕ್ಕನನ್ನೂ ತಮ್ಮ ದಿನೇಶನನ್ನೂ ಕಾರ್ಕಳದಲ್ಲಿದ್ದ ತನ್ನ ಅಣ್ಣನ ಮನೆಯಲ್ಲಿ ಬಿಟ್ಟಳು. ಮಾವ ಪೇಟೆಯಲ್ಲಿ ಮೀನಿನ ವ್ಯಾಪಾರ ಮಾಡುತ್ತಿದ್ದ. ಮನೆಯಲ್ಲಿ ಮಾವನ ಹೆಂಡತಿ ಮಾಮಿ, ಅವರದೇ ಮೂರು ಮಕ್ಕಳು. ಊಟದ ಹೊತ್ತಿಗೆ ಇವರಿಬ್ಬರನ್ನು ಹಿಂದಿನ ಜಗಲಿಗೆ ಕಳಿಸಿ, ಗಂಜಿ ಕೊಟ್ಟು, ಮಾಮಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗೆ ಎಣ್ಣೆಯಲ್ಲಿ ಮೀನು ಕಾಯಿಸುವ ಸದ್ದು, ವಾಸನೆ. ಇವರ ಪಾಲಿಗೆ ಕೆಲವೊಮ್ಮೆ ಸಾರು ಬರುತ್ತಿತ್ತು, ತುಂಡು ಬರುತ್ತಿರಲಿಲ್ಲ.

"ಹೊಡೆದಿಲ್ಲ," ಎಂದಳು ಹರಿಣಕ್ಕ. "ಒಂದು ದಿನವೂ ಹೊಡೆದಿಲ್ಲ, ಬೈದದ್ದೂ ಇಲ್ಲ. ಶಾಲೆಗೆ ಕಳಿಸಿದ್ದಾರೆ. ಬಾಗಿಲು ಹಾಕಿದ್ದು ಮಾತ್ರ."

ಒಳಗೆ ಎಂತ ಉಂಟು ಎಂದು ದಿನೇಶ ಕೇಳುತ್ತಿದ್ದ. ಒಳಗಿನದು ಬಿಡು, ನಮ್ಮದು ಎಂತ ಗೊತ್ತುಂಟಾ ಎಂದು ಇವಳು ಶುರು ಮಾಡುತ್ತಿದ್ದಳು. ನೀರಾದ ಗಂಜಿ ಮಂಜಿನ ಗಂಜಿಯಾಯಿತು. ಬರೀ ಸಾರಿನ ಮೇಲೆ ತೇಲುವ ಎಣ್ಣೆಯ ಕಣ್ಣುಗಳು ಕಾಪುವಿನ ದೀಪದ ಬೆಳಕಾದವು. ಒಂದೊಂದು ಅಡುಗೆಗೂ ಒಂದೊಂದು ಬಂದರು. ಆಟದ ಏಳು ಬಂದರುಗಳೂ ಆ ಜಗಲಿಯಲ್ಲಿ ಕೂತು ಕಟ್ಟಿದವು. "ಹಾಗೆ ಹೇಳಿದರೆ ಅವನು ಅಳದೆ ಕುಡಿಯುತ್ತಿದ್ದ. ಅಷ್ಟಕ್ಕೇ ಹೇಳಿದ್ದು."

ಮುಂದೆ ದಿನೇಶ ಬಹರೈನಿಗೆ ಹೋದ. ಅವರ ಕಡೆಯ ಪದ್ಧತಿಯಂತೆ ಮಾವನ ಮಗಳನ್ನೇ ಮದುವೆಯಾದ. ಹಾಗಾಗಿ ಮಾಮಿ ಈಗ ಅವನ ಹೆಂಡತಿಯ ತಾಯಿ. ಮಾವನೂ ಮುಂಬಯಿಗೆ ಹೋದ ಅಮ್ಮನೂ ಈಗ ಇಲ್ಲ. ರಜೆಗೆ ಬಂದಾಗ ಅವನು ಇಳಿಯುವುದು ಅದೇ ಮನೆಯಲ್ಲಿ. ಹರಿಣಕ್ಕ ಆ ಮನೆಗೆ ಹೋಗುತ್ತಿರಲಿಲ್ಲ, ತಮ್ಮನೇ ಕಟಪಾಡಿಗೆ ಬಂದು ಹೋಗುತ್ತಿದ್ದ. ಅವನು ಬರುವ ದಿನ ಅಂಜಲ್ ಮೀನು ತಂದು, ಕಾಯಿಸಿ, ಅವನ ತಟ್ಟೆಗೆ ಹಾಕುತ್ತಲೇ ಇರುವುದನ್ನು ನಾನೇ ಒಮ್ಮೆ ನೋಡಿದ್ದೇನೆ. ಸಾಕು ಅಕ್ಕ ಎಂದು ಅವನು ಕೈ ಅಡ್ಡ ಹಿಡಿದರೆ ಆ ಕೈಯ ಮೇಲೆಯೇ ತುಂಡು ಇಟ್ಟಿದ್ದಳು.

ಅಡುಗೆಗಳೆಲ್ಲ ಮುಗಿದು ಪುಸ್ತಕ ಕಟ್ಟುವ ಹೊತ್ತಿಗೆ ಮುನ್ನುಡಿಯ ಮಾತು ಬಂತು. ಪ್ರಕಾಶಕರು ಹೇಳಿ ಕಳಿಸಿದ್ದರು: ಅಡುಗೆ ಪುಸ್ತಕವೆಂದರೆ ಅದರಲ್ಲೊಬ್ಬ ಅಜ್ಜಿಯೋ ಅಮ್ಮನೋ ಇರಬೇಕು, ಒಂದು ಬೆಚ್ಚಗಿನ ಅಡುಗೆಮನೆ ಇರಬೇಕು. ಹರಿಣಕ್ಕ ಅರ್ಧ ಪುಟ ಬರೆದುಕೊಟ್ಟಳು. ಜಗಲಿ, ತಳ ಕಾಣುವ ಗಂಜಿ, ಹಾಕಿದ ಬಾಗಿಲು. ಯಾರ ಹೆಸರೂ ಇರಲಿಲ್ಲ, ದೂರು ಕೂಡ ಇರಲಿಲ್ಲ. ನಿತಿನ್ ಅದನ್ನು ಓದಿ ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತ.

"ಚೆನ್ನಾಗಿದೆ. ಆದರೆ ಕಹಿ ಆಯ್ತು ಹರಿಣಾಕ್ಷಿ. ಜನ ಅಡುಗೆ ಪುಸ್ತಕ ತಗೊಳ್ಳುವುದು ಖುಷಿಗೆ ಅಲ್ವಾ?"

"ಹಾಗಾದರೆ ಮುನ್ನುಡಿ ಬೇಡ. ಬಿಡಿ."

"ಸರಿ, ಬಿಡೋಣ," ಎಂದ ಅವನು. ಅವನು ಹಾಗೆ ಹೇಳಿದ್ದನ್ನು ನಾನು ನನ್ನ ಮೇಜಿನಲ್ಲಿ ಕೂತು ಕೇಳಿದ್ದೇನೆ.

ಪುಸ್ತಕದ ಪೆಟ್ಟಿಗೆಗಳು ಆಫೀಸಿಗೆ ಬಂದ ದಿನ ಹರಿಣಕ್ಕನೇ ಕತ್ತರಿ ತಂದು ಮೊದಲ ಪೆಟ್ಟಿಗೆ ಬಿಚ್ಚಿದಳು. ಹೊಸ ಕಾಗದದ ವಾಸನೆ. ನಾನು ಬರೆದ ಬಂದರಿನ ಚಿತ್ರ ಮುಖಪುಟದಲ್ಲಿ ಚಂದವಾಗಿ ಬಂದಿತ್ತು. ಅವಳು ಪುಟ ತೆರೆದಳು. ಮೊದಲಿಗೇ ಮುನ್ನುಡಿ, ಕೆಳಗೆ ಅವಳ ಹೆಸರು. 'ಕಾರ್ಕಳದ ನನ್ನ ಮಾಮಿಯ ಅಡುಗೆಮನೆಯಲ್ಲಿ ಬೆಂಕಿ ಎಂದೂ ಆರುತ್ತಿರಲಿಲ್ಲ. ಅವರ ಕೈತುತ್ತು ತಿಂದೇ ನಾನೂ ನನ್ನ ತಮ್ಮನೂ ಬೆಳೆದೆವು' ಎಂದು ಆರಂಭ. ಎದುರಿನ ಪುಟದಲ್ಲಿ ಒಲೆಯ ಮುಂದೆ ಕೂತ ಹೆಂಗಸಿನ, ಅವಳ ಮಡಿಲಿಗೆ ಒರಗಿದ ಮಕ್ಕಳ ಚಿತ್ರ. ಅದು ನಾನು ಬರೆದದ್ದಲ್ಲ, ಕಂಪ್ಯೂಟರಿನಿಂದ ಮಾಡಿಸಿದ್ದು. ಆ ಹೆಂಗಸಿನ ಕೈಯ ಬಳೆಗಳು ಮಣಿಕಟ್ಟಿನೊಳಗೇ ಇಳಿದುಹೋಗಿದ್ದವು.

ಹರಿಣಕ್ಕ ನಿಂತೇ ಓದಿದಳು. ಆಮೇಲೆ ನಿತಿನ್‌ನ ಕೋಣೆಗೆ ಹೋಗಿ ಪುಸ್ತಕವನ್ನು ಅವನ ಮುಂದೆ ತೆರೆದಿಟ್ಟಳು. ಬಾಗಿಲು ತೆರೆದೇ ಇತ್ತು.

"ಇದು ಯಾರು ಬರೆದದ್ದು?"

ನಿತಿನ್ ತಡವರಿಸಿದ. ಮುನ್ನುಡಿ ಇಲ್ಲದೆ ಆಗುವುದಿಲ್ಲ ಎಂದು ಪ್ರಕಾಶಕರು ಪಟ್ಟು ಹಿಡಿದರಂತೆ. ದಿನೇಶ ರಜೆಯಲ್ಲಿ ಊರಿಗೆ ಬಂದಿದ್ದ, ಅವನನ್ನು ಕೇಳಿದರಂತೆ. ಅವನೇ ಅವರನ್ನು ಕಾರ್ಕಳದ ಮನೆಗೆ ಕರೆದುಕೊಂಡು ಹೋಗಿ ಮಾಮಿಯನ್ನು ಮಾತಾಡಿಸಿದನಂತೆ. "ನಿಮ್ಮ ತಮ್ಮನೇ ಹೇಳಿದ್ದು. ನಾವು ಕಟ್ಟಿದ್ದಲ್ಲ. ನಿಮಗೂ ಸರ್ಪ್ರೈಸ್ ಆಗಲಿ ಅಂತ…"

ಅವಳು ಅಲ್ಲಿಯೇ ನಿಂತು ತಮ್ಮನಿಗೆ ಫೋನು ಮಾಡಿದಳು, ಸ್ಪೀಕರು ಹಾಕಿದಳು. ಮಾತು ತುಳುವಿನಲ್ಲಿ ನಡೆಯಿತು. ನನಗೆ ತುಳು ಆಡಲು ಅಷ್ಟು ಬರುವುದಿಲ್ಲ, ಅರ್ಥವಾಗುತ್ತದೆ.

"ಎಂತ ಹೇಳಿದ್ದು ನೀನು ಇವರಿಗೆ?"

"ಇದ್ದದ್ದನ್ನೇ ಹೇಳಿದ್ದು ಅಕ್ಕ. ಮಾಮಿ ನಮ್ಮನ್ನು ಸಾಕಲಿಲ್ವಾ?"

"ಸಾಕಿದ್ದಾರೆ. ಕೈತುತ್ತು ಕೊಟ್ಟಿದ್ದಾರಾ?"

"ಪುಸ್ತಕಕ್ಕೆ ಸ್ವಲ್ಪ ಚಂದ ಮಾಡಿ ಬರೆಯುತ್ತಾರೆ. ಅದರಲ್ಲಿ ಎಂತ ಉಂಟು?"

"ಹಿಂದಿನ ಜಗಲಿ ನೆನಪುಂಟಾ ನಿನಗೆ?"

ಆ ಕಡೆ ಯಾವುದೋ ಮಗು ಅಳುವುದು, ಟಿವಿಯ ಸದ್ದು ಕೇಳಿಸಿತು.

"ಅಲ್ಲಿ ಗಾಳಿ ಬರುತ್ತದೆ ಅಂತ ನಾವೇ ಹೋಗಿ ಕೂರುತ್ತಿದ್ದದ್ದಲ್ವಾ?"

"ಬಾಗಿಲು?"

"ಯಾವ ಬಾಗಿಲು? ಅಕ್ಕ, ನಮಗೆ ಯಾವಾಗ ಹಸಿವೆ ಇತ್ತು? ನೀನು ಮೊದಲಿನಿಂದಲೂ ಕಥೆ ಕಟ್ಟುವವಳು."

ಹರಿಣಕ್ಕ ಫೋನು ಇಟ್ಟಳು. ಮುಂದಿನ ಮುದ್ರಣದಲ್ಲಿ ತೆಗೆಯಿಸುತ್ತೇನೆ ಎಂದ ನಿತಿನ್. ಅವಳು ಅವನ ಮುಂದಿದ್ದ ಪುಸ್ತಕವನ್ನು ಮುಚ್ಚಿ ಹೊರಗೆ ಬಂದಳು.

ಬಿಡುಗಡೆ ಉಡುಪಿಯ ಒಂದು ಸಭಾಭವನದಲ್ಲಿ. ಅವಳು ಬರುವುದಿಲ್ಲ ಎಂದು ನಾನು ಎಣಿಸಿದ್ದೆ. ಬಂದಳು, ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು ಹೊತ್ತಿಗೆ ಮೊದಲೇ ಬಂದಳು. ವೇದಿಕೆಯ ಮೇಲೆ ಅವಳ ಪಕ್ಕದ ಕುರ್ಚಿಯಲ್ಲಿ ಮಾಮಿ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಮನಸ್ಸಿನಲ್ಲಿ ಒಬ್ಬ ದೊಡ್ಡ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಇವರು ಬೆನ್ನು ಬಾಗಿದ ಸಣ್ಣ ಮುದುಕಿ. ದಿನೇಶ ಅವರ ಹಿಂದೆ ನಿಂತು ಅವರನ್ನು ಮೈಕಿನ ಕಡೆಗೆ, ಫೋಟೋದವರ ಕಡೆಗೆ ತಿರುಗಿಸುತ್ತಿದ್ದ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಮಡಿಲಲ್ಲಿ ಇಟ್ಟರು. ಈ ಎಲ್ಲ ರುಚಿಗಳ ಮೂಲ ಈ ತಾಯಿ ಎಂದು ನಿರೂಪಕಿ ಹೇಳಿದಾಗ ಮಾಮಿ ಕೈ ಮುಗಿದರು.

ಹರಿಣಕ್ಕನನ್ನು ಮಾತಿಗೆ ಕರೆದರು. ಅವಳು ಮೈಕನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡಳು.

"ಈ ಪುಸ್ತಕದ ಮುನ್ನುಡಿ ನಾನು ಬರೆದದ್ದಲ್ಲ," ಎಂದಳು. ಸಭೆ ನಕ್ಕಿತು, ವಿನಯ ಎಂದುಕೊಂಡಿತು.

"ಈ ಅಡುಗೆಗಳು ಹುಟ್ಟಿದ್ದು ಅಡುಗೆಮನೆಯಲ್ಲಿ ಅಲ್ಲ. ಅಡುಗೆಮನೆಯ ಹೊರಗೆ. ಬಾಗಿಲು ಹಾಕಿತ್ತು. ಒಳಗೆ ಮೀನು ಕಾಯಿಸುತ್ತಿದ್ದರು. ಹೊರಗೆ ನಾವಿಬ್ಬರು ಗಂಜಿ ಕುಡಿಯುತ್ತಿದ್ದೆವು. ಒಳಗೆ ಎಂತ ಉಂಟು ಅಂತ ತಮ್ಮ ಕೇಳುತ್ತಿದ್ದ. ನಾನು ಹೇಳುತ್ತಿದ್ದೆ."

ಅವಳು ನಿಲ್ಲಿಸಿದಳು. ಇನ್ನೂ ಏನಾದರೂ ಹೇಳುವವಳಿದ್ದಳೋ ಗೊತ್ತಿಲ್ಲ, ಅಷ್ಟರಲ್ಲಿ ಚಪ್ಪಾಳೆ ಶುರುವಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಕಣ್ಣು ಒರೆಸಿಕೊಂಡು "ಎಷ್ಟು ಚಂದ ಹೇಳಿದರು" ಎಂದರು. ಅಡುಗೆಮನೆಯಿಂದ ಬಂದ ಪರಿಮಳವೇ ಒಬ್ಬ ಲೇಖಕಿಯನ್ನು ರೂಪಿಸಿತು ಎಂದು ನಿರೂಪಕಿ ಮೈಕು ತೆಗೆದುಕೊಂಡು ವಿವರಿಸಿದಳು. ಹರಿಣಕ್ಕ ಚಪ್ಪಾಳೆಯ ನಡುವೆಯೇ ತನ್ನ ಕುರ್ಚಿಗೆ ಹೋಗಿ ಕೂತಳು. ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ಇಷ್ಟು ಜನರ ಕಿವಿಯ ಮೇಲೆ ಬಿದ್ದೂ ಕೇಳಿಸದೆ ಹೋದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಸಭೆ ಮುಗಿದು ಜನ ಪುಸ್ತಕದ ಅಡುಗೆಗಳ ರುಚಿ ನೋಡಲು ಹೊರಗೆ ಮುತ್ತಿಕೊಂಡಿದ್ದರು. ವೇದಿಕೆಯ ಪಕ್ಕದಲ್ಲಿ ಮಾಮಿ ಹರಿಣಕ್ಕನ ಕೈ ಹಿಡಿದರು. ನಾನು ಎರಡು ಮಾರು ದೂರದಲ್ಲಿದ್ದೆ.

"ಅವರಿಗೆ ಯಾರಿಗೂ ಅರ್ಥ ಆಗಲಿಲ್ಲ," ಎಂದರು ಮಾಮಿ. "ನನಗೆ ಆಯಿತು."

ಹರಿಣಕ್ಕ ಕೈ ಬಿಡಿಸಿಕೊಳ್ಳಲಿಲ್ಲ.

"ನಿನ್ನ ಮಾವ ಮಾರಿ ಉಳಿದದ್ದನ್ನು ತರುವುದು. ನನ್ನ ಮಕ್ಕಳಿಗೆ ಒಂದೊಂದು ತುಂಡು ಹಾಕಿದರೆ ಮುಗಿಯಿತು. ಅದರ ಮೇಲೆ ನೀವಿಬ್ಬರು. ನೀನಾಗಿದ್ದರೆ ಎಂತ ಮಾಡುತ್ತಿದ್ದೆ?"

"ಬಾಗಿಲು ಹಾಕುತ್ತಿರಲಿಲ್ಲ ಮಾಮಿ."

"ತೆರೆದಿಟ್ಟು, ನಿಮಗೆ ತೋರಿಸಿ ತಿನ್ನಬೇಕಿತ್ತಾ?"

ಎಂಥವರಿಗೂ ತಟ್ಟನೆ ತಿರುಗಿ ಹೇಳುವವಳು ಹರಿಣಕ್ಕ. ಆ ದಿನ ಮಾತ್ರ ಮಾಮಿಯ ಮುಖವನ್ನೇ ನೋಡುತ್ತ ನಿಂತಳು. ಕಾರು ಬಂತು ಎಂದು ದಿನೇಶ ಬಂದ. ಅಕ್ಕನ ಮುಖ ನೋಡದೆ ಹಣ್ಣಿನ ಬುಟ್ಟಿ ಎತ್ತಿಕೊಂಡು, ಮಾಮಿಯ ತೋಳು ಹಿಡಿದು ಇಳಿಸಿಕೊಂಡು ಹೋದ.

ಅದೇ ವಾರ ಅವಳು ಕೆಲಸ ಬಿಟ್ಟಳು. ತನ್ನ ಸಾಲುಗಳನ್ನು ವಾಪಸು ಕೇಳಿದಳು. ಕಂಪೆನಿಯಲ್ಲಿ ಬರೆದದ್ದೆಲ್ಲ ಕಂಪೆನಿಯದು ಎಂದು ಸೇರುವಾಗಲೇ ಸಹಿ ಹಾಕಿದ್ದಳಾದ್ದರಿಂದ ಕೇಳುವ ಹಾಗಿರಲಿಲ್ಲ. ಪುಸ್ತಕ ಮತ್ತೆ ಮುದ್ರಣವಾಯಿತು, ಮುನ್ನುಡಿ ಹಾಗೆಯೇ ಇತ್ತು; ಓದಿದವರೆಲ್ಲ ಹೊಗಳಿದ್ದು ಅದನ್ನೇ, ತೆಗೆಯುವುದು ಹೇಗೆ ಎಂದು ನಿತಿನ್ ನನ್ನನ್ನೇ ಕೇಳಿದ. ಆಟದ ನಾಲ್ಕನೆಯ ಭಾಗಕ್ಕೆ ಅವಳ ಹಳೆಯ ಸಾಲುಗಳನ್ನೆಲ್ಲ ಕಂಪ್ಯೂಟರಿಗೆ ತಿನ್ನಿಸಿ ಹೊಸ ಸಾಲುಗಳನ್ನು ಬರೆಸಿದರು. ಓದಿದರೆ ಅವಳು ಬರೆದ ಹಾಗೆಯೇ ಇದ್ದವು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ, ನಾನೂ ಕೆಲವು ತಿಂಗಳಲ್ಲಿ ಬಿಟ್ಟೆ.

ಹರಿಣಕ್ಕ ಕಾಪುವಿನಲ್ಲಿ ಒಂದು ಟ್ಯೂಷನ್ ಕ್ಲಾಸಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ದಿನೇಶನ ಫೋನು ತೆಗೆಯುತ್ತಿರಲಿಲ್ಲ. ನಾನು ಕೊನೆಯ ಸಲ ಸಿಕ್ಕಿದಾಗ ಕಟಪಾಡಿ ಪೇಟೆಯ ಒಂದು ಹೋಟೆಲಿನಲ್ಲಿ ಕೂತು ಗೋಳಿಬಜೆ ತಿಂದೆವು. ಸೊರಗಿ ಸಪೂರ ಆಗಿದ್ದಳು. ಮಾಮಿಯ ಮೇಲಿನ ಸಿಟ್ಟು ಇನ್ನೂ ಹೋಗಿಲ್ವಾ ಎಂದು ಕೇಳಿದೆ.

"ಮಾಮಿ ಸುಳ್ಳು ಹೇಳಲಿಲ್ಲ ಮಾರಾಯ್ತಿ. ನನ್ನ ಮುಖ ನೋಡಿಯೇ ಹೇಳಿದ್ದಾರೆ, ಬಾಗಿಲು ಹಾಕಿದ್ದು ಹೌದು ಅಂತ. ಇವನು ಇಲ್ಲ ಅಂದನಲ್ಲ." ಅವಳು ಚಹಾದ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದಳು. "ಆ ಜಗಲಿಯಲ್ಲಿ ನಾವಿಬ್ಬರೇ ಇದ್ದದ್ದು. ಇಬ್ಬರೂ ಹೌದು ಅಂದರೆ ಅದು ನಡೆದದ್ದು. ಒಬ್ಬಳೇ ಹೇಳಿದರೆ ಕಥೆ. ನಾನು ಕಥೆ ಬರೆಯುವವಳೇ ಅಲ್ವಾ, ಯಾರು ನಂಬುತ್ತಾರೆ?"

"ನಾನು ನಂಬುತ್ತೇನೆ."

"ನೀನು ಅಲ್ಲಿ ಇರಲಿಲ್ಲ ಲವೀನಾ."

ಬಿಲ್ಲು ಕೊಟ್ಟು ಹೊರಗೆ ಬಂದೆವು. ಕಾಪುವಿನ ಬಸ್ಸು ಬಂತು, ಅವಳು ಕ್ಲಾಸಿಗೆಂದು ಹತ್ತಿ ಹೋದಳು.

ಮಳೆಗಾಲದ ಕೊನೆಯಲ್ಲಿ ಇಲಿಜ್ವರ ಬಂತು. ಒಬ್ಬಳೇ ಇದ್ದವಳು, ಮಾಮೂಲಿ ಜ್ವರ ಎಂದು ಮಾತ್ರೆ ನುಂಗಿ ಮಲಗಿದ್ದಳು. ಕೆಳಗಿನ ಮನೆಯವರು ನೋಡಿ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಿಡ್ನಿ ನಿಂತಿತ್ತು. ನನಗೆ ಸುದ್ದಿ ಬಂದಾಗ ಎಲ್ಲ ಮುಗಿದಿತ್ತು. ಕಂಪೆನಿಯವರು ಅವಳ ಫೋಟೋ ಹಾಕಿ ಶ್ರದ್ಧಾಂಜಲಿ ಬರೆದರು: ಮಾಮಿಯ ಪ್ರೀತಿಯ ಅಡುಗೆಮನೆಯಲ್ಲಿ ಬೆಳೆದು, ಆ ಪ್ರೀತಿಯನ್ನು ಜಗತ್ತಿಗೆ ಬಡಿಸಿದವಳು. ಅದರ ಕೆಳಗೆ ಎಲ್ಲ ದೇಶದವರೂ ಕಣ್ಣೀರು ಹಾಕಿದರು.

ಉತ್ತರಕ್ರಿಯೆ ಕಾರ್ಕಳದ ಮನೆಯಲ್ಲಿ ಇಟ್ಟಿದ್ದರು. ಬಹರೈನಿನಿಂದ ಬಂದಿದ್ದ ದಿನೇಶನೇ ಎಲ್ಲ ಮಾಡಿಸಿದ. ದೊಡ್ಡವಳಾದ ಮೇಲೆ ಅವಳು ಕಾಲಿಡದಿದ್ದ ಮನೆಯ ಚಾವಡಿಯಲ್ಲಿ ಅವಳ ಫೋಟೋಕ್ಕೆ ಮಾಲೆ ಹಾಕಿತ್ತು. ಒಳಗೆ ಮಾಮಿ ಗೋಡೆಗೆ ಒರಗಿ ಕೂತು ಬಂದವರೊಡನೆಲ್ಲ "ನನ್ನ ಮಗಳ ಹಾಗೆ ಇದ್ದಳು" ಎಂದು ಅಳುತ್ತಿದ್ದರು. ಅವರು ಅತ್ತದ್ದು ನಾಟಕ ಎಂದು ನನಗೆ ಅನ್ನಿಸಲಿಲ್ಲ. ಅನ್ನಿಸಿದ್ದರೆ ಸುಲಭವಿತ್ತು.

ಹಿಂದಿನ ಜಗಲಿಗೆ ಶಾಮಿಯಾನ ಎಳೆದು ಊಟಕ್ಕೆ ಎಲೆ ಹಾಕಿದ್ದರು. ನಾನು ಕೊನೆಯ ಪಂಕ್ತಿಯಲ್ಲಿ, ಕೊನೆಯ ಎಲೆಗೆ ಹತ್ತಿರ ಕೂತೆ. ಎದುರಿಗೆ ಅಡುಗೆಮನೆಯ ಬಾಗಿಲು. ಬಡಿಸುವವರು ಒಳಗೆ ಹೊರಗೆ ಓಡಾಡುತ್ತಿದ್ದರು. ಅನ್ನ, ಸಾರು, ಕಡಲೆ ಗಸಿ ಬಂದವು. ಪಾಯಸದ ಬಕೆಟ್ ಹಿಡಿದು ದಿನೇಶನೇ ಬಂದ. ನನ್ನ ಎಲೆಯ ಮುಂದೆ ಬಗ್ಗಿದವನು ಹಾಗೆಯೇ ನಿಂತ.

"ಅಕ್ಕ ನಿಮಗೆ ಎಲ್ಲ ಹೇಳಿದ್ದಾಳಲ್ವಾ?"

"ಹೇಳಿದ್ದಾಳೆ."

ಅವನು ಬಾಗಿಲಿನ ಕಡೆಗೆ ನೋಡಿದ. ಧ್ವನಿ ಬಹಳ ಸಣ್ಣದಾಗಿತ್ತು. "ಅದರಲ್ಲಿ ಕೆಳಗೆ ಒಂದು ಬಿರುಕು ಇತ್ತು. ಈಗ ಬಾಗಿಲು ಬದಲಾಯಿಸಿದ್ದಾರೆ. ನಾನು ಬಗ್ಗಿ ಅದರಲ್ಲಿ ನೋಡುತ್ತಿದ್ದೆ. ಅಕ್ಕ ಒಂದು ದಿನವೂ ನೋಡಲಿಲ್ಲ. ಒಳಗೆ ಎಂತ ಉಂಟು ಅಂತ ನನಗೆ ಗೊತ್ತೇ ಇರುತ್ತಿತ್ತು. ಆದರೂ ಅವಳನ್ನು ಕೇಳುತ್ತಿದ್ದೆ."

"ಇದನ್ನು ಅವಳಿಗೆ ಹೇಳಬೇಕಿತ್ತು."

"ಈ ಮನೆಯಲ್ಲಿ ಇದ್ದುಕೊಂಡು ಹೇಗೆ ಹೇಳುವುದು?"

ಒಳಗಿನಿಂದ ಅವನ ಹೆಂಡತಿ ಕರೆದಳು, ಆಚೆ ಬದಿಯವರಿಗೆ ಪಾಯಸ ಸಿಗಲಿಲ್ಲವಂತೆ. ದಿನೇಶ ನನ್ನ ಎಲೆಗೆ ಒಂದು ಸೌಟು ಬಡಿಸಿ, ನಾನು ಬೇಡವೆಂದು ಕೈ ಅಡ್ಡ ಹಿಡಿದದ್ದನ್ನು ನೋಡದೆ, ಮುಂದಿನ ಎಲೆಗೆ ಹೋದ.